ಐಮಂಗಲದ ರಾಕ್ಷಸ ದೊರೆ

ನನ್ನ ಅಂಗಡಿ ಇರುವುದು ಐಮಂಗಲದಲ್ಲಿ, ಹೆದ್ದಾರಿಯ ಸರ್ವಿಸ್ ರಸ್ತೆಗೆ ಮುಖ ಮಾಡಿಕೊಂಡು. ರೀಚಾರ್ಜ್, ಮೊಬೈಲ್ ಕವರ್, ಇಯರ್‌ಫೋನ್, ಬಿಸಿಲುಗಾಲದಲ್ಲಿ ಮಜ್ಜಿಗೆ. ಪುಕ್ಕಟೆ ಚಾರ್ಜಿಗೆ ಹಾಕಲು ಬರುವವರನ್ನು ರೋಜಕ್ಕ ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದು ಊರಿಗೆಲ್ಲ ಗೊತ್ತು. ದುರುಗೇಶನನ್ನೂ ಮೊದಲ ದಿನ ಬೈದಿದ್ದೆ. ಅವನು ತಿರುಗಿ ಬೈಯಲಿಲ್ಲ, ಎದ್ದೂ ಹೋಗಲಿಲ್ಲ. "ಬೈರಿ ಅಕ್ಕ, ಯಾರಾದ್ರೂ ಮಾತಾಡ್ಸಿ ಬಾಳ ದಿನ ಆಗಿತ್ತು" ಅಂದ. ಅಂಥವನನ್ನು ಬೈದು ಏನು ಸುಖ? ಮಜ್ಜಿಗೆ ಕೊಟ್ಟು ಕೂರಿಸಿದೆ.

ಅವನು ಧರ್ಮಪುರದ ಕಡೆಯವನು. ಅಲ್ಲಿ ಶೇಂಗಾ ಕಿತ್ತು ಮುಗಿದ ಮೇಲೆ ಕುರಿಮಂದೆ ಹೊಡೆದುಕೊಂಡು ನಮ್ಮ ಕಡೆ ಬರುತ್ತಾನೆ. ಯಾರದಾದರೂ ಹೊಲದಲ್ಲಿ ಮಂದೆ ನಿಲ್ಲಿಸುತ್ತಾನೆ, ಹೊಲಕ್ಕೆ ಗೊಬ್ಬರವಾಗುತ್ತದೆ, ಇವನಿಗೆ ಕಾಳುಕಡ್ಡಿ ಸಿಗುತ್ತದೆ. ನಡುಮಧ್ಯಾಹ್ನ ಕುರಿಗಳು ನನ್ನ ಅಂಗಡಿ ಹಿಂದಿನ ಹುಣಸೆಮರದ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಇವನು ಬೆಂಚಿನ ಮೇಲೆ ಕಂಬಳಿ ಮಡಿಸಿಕೊಂಡು ಕೂರುತ್ತಾನೆ. ವಯಸ್ಸು ನಲವತ್ತರ ಹತ್ತಿರ ಬಂತು, ಮದುವೆ ಇಲ್ಲ. ನಾನೇ ನಮ್ಮವರಲ್ಲಿ ಒಂದೆರಡು ಮನೆ ಕೇಳಿ ನೋಡಿದೆ. "ಕುರಿ ಹಿಂದೆ ತಿರುಗೋನಿಗಾ?" ಎಂದು ಮುಖ ಸಿಂಡರಿಸಿದರು. ಕುರಿಯ ಬಾಡೂಟ ಬೇಕು, ಕುರಿ ಕಾಯುವವನು ಬೇಡ. ಇಂಥವರ ನಾಲಿಗೆಗೆ ನನ್ನ ನಾಲಿಗೆಯೇ ಸರಿ, ಅಲ್ಲೇ ಅಂದು ಬಂದೆ.

ದುರುಗೇಶನಿಗೆ ಇದ್ದ ಬಳಗವೆಲ್ಲ ಮೊಬೈಲಿನೊಳಗೆ. ಅದೊಂದು ಆಟ. ಅದರಲ್ಲಿ ಕಾಡು, ಕೋಟೆ, ಮಂತ್ರವಾದಿಗಳು, ಕತ್ತಿ ಹಿಡಿದ ಶೂರರು ಇರುವ ಒಂದು ಮಾಯಾಲೋಕ. ದೇಶದ ತುಂಬಾ ಜನ ಒಟ್ಟಿಗೆ ಆಡುತ್ತಾರೆ, ಆಡುತ್ತಲೇ ಮೈಕಿನಲ್ಲಿ ಮಾತಾಡುತ್ತಾರೆ. ಎಲ್ಲರೂ ಹಿಂದಿಯಲ್ಲಿ ಅರಚಾಡುತ್ತಿದ್ದಾಗ ಒಂದು ಹೆಣ್ಣುದನಿ "ಲೇ ಹಿಂದೆ ಐತೆ, ಹಿಂದೆ ಐತೆ!" ಎಂದದ್ದು ಕೇಳಿ ಇವನಿಗೆ ಮೈ ಝುಮ್ಮೆಂದಿತಂತೆ. ಅವಳು ಹೊಳಲ್ಕೆರೆಯ ಕಾವ್ಯ, ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವಳು. ಜೊತೆಗಿದ್ದವನು ಹೊಸದುರ್ಗದ ಮಾರುತೇಶ್, ತೆಂಗಿನಕಾಯಿ ಸಾಗಿಸುವ ಟೆಂಪೋ ಓಡಿಸುವವನು. ಅಂದಿನಿಂದ ಮೂವರದೂ ಒಂದೇ ಗುಂಪು. ಆಡಿದ್ದಕ್ಕಿಂತ ಹರಟಿದ್ದೇ ಹೆಚ್ಚು. ಕಾವ್ಯ ಗಿರಾಕಿಗಳ ಕಾಟ ಹೇಳುತ್ತಿದ್ದಳು, ಮಾರುತೇಶ್ ಸುಳ್ಳು ಹೇಳುತ್ತಿದ್ದ, ಇವನು ತನ್ನ ಕುರಿಗಳ ಕತೆ. ಒಂದು ಕುಂಟು ಕುರಿ ಇದೆ, ಅದು ಹಿಂದೆ ಬಿದ್ದರೆ ತಾನು ಮಂದೆಯನ್ನೆಲ್ಲ ನಿಲ್ಲಿಸಿಯಾದರೂ ಕಾಯುತ್ತೇನೆ ಎಂದು ಹೇಳಿ ಇಬ್ಬರನ್ನೂ ನಗಿಸಿದ್ದ.

ಆ ಲೋಕದ ತುದಿಯಲ್ಲೊಂದು ಕರೀಕೋಟೆ, ಅದರೊಳಗೆ ಸಿಂಹಾಸನದ ಮೇಲೆ ರಾಕ್ಷಸ ದೊರೆ. ಅವನ ಮುಂದೆ ಯಾವ ಶೂರನೂ ನಿಲ್ಲಲಾರ. ಯಾರ ಕೊನೆಯ ಏಟಿಗೆ ದೊರೆ ಸಾಯುತ್ತಾನೋ ಅವನೇ ಮುಂದಿನ ದೊರೆ. ಮತ್ತೊಬ್ಬ ಬಂದು ಕೊಲ್ಲುವವರೆಗೆ ಅವನು ಇಳಿಯುವಂತಿಲ್ಲ. ಒಂದು ಮಧ್ಯಾಹ್ನ ಈ ಮೂವರು ಸೇರಿ ಆ ದೊರೆಯನ್ನು ಕೆಡವಿಯೇಬಿಟ್ಟರು. ಕೊನೆಯ ಏಟು ದುರುಗೇಶನದು.

ಬೆಂಚಿನಿಂದ ಹಾರಿ ನಿಂತು ಮೊಬೈಲು ನನ್ನ ಮುಖಕ್ಕೆ ಹಿಡಿದ. ಎರಡು ಕೊಂಬು, ಕೆಂಡದಂಥ ಕಣ್ಣು, ಬೆನ್ನಿಗೆ ರೆಕ್ಕೆ, ಕೈಯಲ್ಲಿ ಉರಿಯುವ ಕೊಡಲಿ.

"ನಾನೇ ಅಕ್ಕ ಇದು!"

"ನಮ್ಮತ್ತೆ ನಿದ್ದೆಯಿಂದ ಎದ್ದಾಗ ಹಿಂಗೇ ಇರ್ತಾಳೆ, ಕೊಂಬೊಂದಿಲ್ಲ" ಅಂದೆ.

ಅವನು ನಗುತ್ತಾ ಮೈಕಿನಲ್ಲಿ ಕೂಗಿದ: "ಗೆದ್ವಲ್ರಪ್ಪಾ! ಕಾವ್ಯಮ್ಮ, ಮಾರುತೇಶ, ಗೆದ್ವಿ!"

ಆ ಕಡೆಯಿಂದ ಮಾರುತೇಶನ ದನಿ ಬಂತು. "ಅಯ್ಯಪ್ಪ, ಏನಿದು ಘರ್ಜನೆ! ಕಿವಿ ತೂತಾಯ್ತು. ದುರುಗೇಶಣ್ಣ, ಮಾತಾಡಣ್ಣ."

ಆಗ ಗೊತ್ತಾಯಿತು. ರಾಕ್ಷಸ ದೊರೆ ಏನೇ ಮಾತಾಡಿದರೂ ಉಳಿದವರಿಗೆ ಕೇಳುವುದು ಬರೀ ಘರ್ಜನೆ. ಆದರೆ ಕೋಟೆಯ ಹತ್ತಿರ ಯಾರು ಏನು ಮಾತಾಡಿದರೂ ದೊರೆಗೆ ಸ್ಪಷ್ಟವಾಗಿ ಕೇಳುತ್ತದೆ. ಗೆಳೆಯರ ಪಟ್ಟಿ ಅಳಿಸಿಹೋಗಿರುತ್ತದೆ, ಬರೆದು ಕಳಿಸಲೂ ಆಗದು. ರಾಕ್ಷಸನಿಗೆಂಥ ಗೆಳೆಯರು ಎಂದು ಆಟ ಮಾಡಿದವನು ಎಣಿಸಿರಬೇಕು. ಅವನ ಮನೆ ಹಾಳಾಗ.

"ಫೋನ್ ನಂಬರ್ ಇಲ್ವೇನೋ?" ಎಂದು ಕೇಳಿದೆ.

"ಹೆಣ್ಣುಮಗಳ ನಂಬರ್ ಕೇಳೋದು ಹೆಂಗಕ್ಕ? ಅವರ ಮನೇಲಿ ಏನಂದ್ಕಂತಾರೆ?"

"ಮಾರುತೇಶಂದು?"

"ಅವನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ದಿನಾ ಸಿಗ್ತಿದ್ವಲ್ಲ."

ಮೊದಮೊದಲು ಇಬ್ಬರೂ ಕೋಟೆ ಬಾಗಿಲಿಗೆ ಬಂದು ಕರೆದರು. ಇವನು ಉತ್ತರ ಕೊಟ್ಟ, ಅವರಿಗೆ ಕೇಳಿದ್ದು ಘರ್ಜನೆ. ಕೋಟೆಯ ಕೊಂಬಿನ ನಾಯಿಗಳು ಅಟ್ಟಿಸಿಕೊಂಡು ಹೋದವು. ಮಾರುತೇಶ್ ಅಂದ: "ಸಿಂಹಾಸನ ಸಿಕ್ತು, ತಲೆ ತಿರುಗೈತೆ ಅವನಿಗೆ. ಬೇಕಂತಲೇ ಹೆದರ್ಸ್ತಾನೆ. ಬಾ ಕಾವ್ಯ, ಹೋಗಾಣ." ದುರುಗೇಶ ಅದನ್ನು ಕಿವಿಯಾರೆ ಕೇಳಿದ. ಆ ದಿನ ಮಜ್ಜಿಗೆ ಕುಡಿಯದೆ ಎದ್ದುಹೋದ.

ಅವನಿಗೆ ಬೇಕಾದದ್ದು ಇಷ್ಟೇ: ಸತ್ತು ಕೆಳಗಿಳಿಯಬೇಕು, ಆ ಇಬ್ಬರ ಜೊತೆ ಮತ್ತೆ ಮಾತಾಡಬೇಕು. ಸಾಯುವುದೇನು ಕಷ್ಟ, ಕೊಡಲಿ ಕೆಳಗಿಟ್ಟು ಸುಮ್ಮನೆ ಕೂತರೆ ಆಯಿತು ಎಂದು ನಾನು ಅಂದೆ. ಕೂತ. ಆದರೆ ಕುರುಬನಿಗೆ ಮಂದೆ ಕೊಟ್ಟು ಸುಮ್ಮನಿರು ಅಂದರೆ ಇರುತ್ತಾನೆಯೇ? ಕೋಟೆಯ ನಾಯಿಗಳನ್ನೆಲ್ಲ ಇವನು ಕುರಿಗಳಂತೆ ಒಂದು ಕಡೆ ಕೂಡಿಹಾಕಿ, ಬಣ್ಣ ನೋಡಿ ಕೆಂಚ, ಬೋರ ಎಂದು ಹೆಸರಿಟ್ಟಿದ್ದ. ಅವುಗಳಲ್ಲಿ ಒಂದು ಹಿಂಗಾಲು ಎಳೆದುಕೊಂಡು ನಡೆಯುತ್ತಿತ್ತು. ಬಂದ ಶೂರರು ಮೊದಲು ಹೊಡೆಯುತ್ತಿದ್ದದ್ದು ಹಿಂದೆ ಬಿದ್ದ ಆ ಕುಂಟನನ್ನೇ. ಹೊಡೆದ ಕ್ಷಣ ಇವನ ಬೆರಳು ತಾನಾಗಿ ಕೊಡಲಿ ಎತ್ತುತ್ತಿತ್ತು. "ತೋಳ ಬಿದ್ದಂಗಾಗ್ತೈತೆ ಅಕ್ಕ, ಕೈ ಸುಮ್ಕಿರಲ್ಲ" ಅನ್ನುತ್ತಿದ್ದ. ಹಿಂದಿನ ದೊರೆಗಳೆಲ್ಲ ಓಡುವವರ ಬೆನ್ನು ಹತ್ತಿ ಬಾಗಿಲು ದಾಟಿ ಸತ್ತವರು. ಬಾಗಿಲು ದಾಟಿದರೆ ದೊರೆಯ ಶಕ್ತಿ ಹೋಗುತ್ತದೆ. ಇವನು ದಾಟುತ್ತಲೇ ಇರಲಿಲ್ಲ. ಮಂದೆ ಬಿಟ್ಟು ತೋಳದ ಹಿಂದೆ ಹೋಗಬಾರದು ಎಂದು ಅವರಪ್ಪ ಕಲಿಸಿದ್ದನಂತೆ.

ಹೀಗಾಗಿ ಸಾಯಬೇಕೆಂದವನು ಸಾಯದೆ ಉಳಿದ, ಹೆಸರು ದೇಶಕ್ಕೆಲ್ಲ ಹಬ್ಬಿತು. ರೀಚಾರ್ಜಿಗೆ ಬಂದವನೊಬ್ಬ "ಈ ರಾಕ್ಷಸನ್ನ ಯಾರಿಂದ್ಲೂ ಮುಟ್ಟಕಾಗ್ತಿಲ್ಲ ನೋಡ್ರಿ" ಎಂದು ನನಗೇ ವೀಡಿಯೊ ತೋರಿಸಿದ. ರಾಕ್ಷಸ ಅಲ್ಲೇ ಬೆಂಚಿನ ಮೇಲೆ ಕೂತು ಕಾಲಿಗೆ ಚುಚ್ಚಿದ್ದ ಜಾಲಿಮುಳ್ಳು ತೆಗೆದುಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಕಾವ್ಯ ಒಬ್ಬಳೇ ಬಂದಳು. ಹೊಡೆಯಲಿಲ್ಲ. ಕುಂಟನಿಗೆ ಮಂತ್ರದ ಹಗ್ಗ ಹಾಕಿ, ನೋಯಿಸದೆ ಬಾಗಿಲಾಚೆ ಕರೆದುಕೊಂಡು ಹೋಗಿ ನಿಂತಳು.

"ಬರ್ತೀರಂತ ಗೊತ್ತು ದುರುಗೇಶಣ್ಣ" ಅಂದಳು. "ಮಾರುತೇಶ ಏನಾದ್ರೂ ಅನ್ಲಿ, ನೀವು ಸೊಕ್ಕಿನೋರಲ್ಲ. ಬರ್ರಿ, ಇಳ್ಕಂಡ್ ಬರ್ರಿ."

ದುರುಗೇಶ ನನ್ನ ಮುಖ ನೋಡಿದ. ಅವನ ಕಣ್ಣು ತುಂಬಿತ್ತು. ಕುರಿಗಳ ಕತೆಯನ್ನು ಅವಳು ಇಷ್ಟು ಗಮನವಿಟ್ಟು ಕೇಳಿದ್ದಳೆಂದು ಅವನಿಗೇ ಗೊತ್ತಿರಲಿಲ್ಲ. ಬಾಗಿಲು ದಾಟಿ ಅವಳ ಮುಂದೆ ನಿಂತ, ಕೈ ಎತ್ತಲಿಲ್ಲ. ಅವಳು ಹೊಡೆದಳು. ದೊರೆ ಬಿದ್ದ.

"ಸದ್ಯ, ಇಳಿದ್ರಲ್ಲ ಅಣ್ಣ! ಹೆಂಗಿದ..." ಎಂದವಳ ದನಿ ಅಲ್ಲೇ ಮುರಿದು ಘರ್ಜನೆಯಾಯಿತು.

ನಾವಿಬ್ಬರೂ ಬೆಪ್ಪಾದೆವು. ಇಳಿಸಿದವರು ಏರಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು. ಆದರೆ ಏರಿದವರ ಮಾತು ಹೋಗುತ್ತದೆಂದು ಏರಿದವರಿಗೆ ಮಾತ್ರ ಗೊತ್ತಾಗುವುದು.

ಮಾರುತೇಶ್ ಇವನನ್ನು ಹುಡುಕಿಕೊಂಡು ಬಂದ, ವಿಷಯ ತಿಳಿದು ನೊಂದುಕೊಂಡ, ನಾಲ್ಕು ದಿನ ಜೊತೆಗಿದ್ದು ದೊಡ್ಡ ಗುಂಪೊಂದನ್ನು ಸೇರಿಕೊಂಡ. ದುರುಗೇಶ ಮಾತ್ರ ದಿನಾ ಕರೀಕೋಟೆಯ ಬಾಗಿಲಿಗೆ ಹೋಗತೊಡಗಿದ. "ಕಾವ್ಯಮ್ಮ, ನಿಂಗೆ ಕೇಳಿಸ್ತೈತೆ ಅಂತ ಗೊತ್ತು" ಎಂದು ಶುರುಮಾಡುತ್ತಿದ್ದ. ಯಾವ ಕುರಿ ಮರಿ ಹಾಕಿತು, ಯಾವ ಹೊಲದಲ್ಲಿ ಮಂದೆ ನಿಂತಿದೆ, ರೋಜಕ್ಕ ಯಾರನ್ನು ಬೈದಳು. ನಿನ್ನ ನಂಬರನ್ನಾದರೂ ಹೇಳೋ ಎಂದು ನಾನು ಅಂದರೆ, ಕೇಳದ ಹೆಣ್ಣುಮಗಳಿಗೆ ನಂಬರ್ ಕೊಡುವುದು ತಪ್ಪಾಗುತ್ತದೆ ಎಂದು ನಾಲಿಗೆ ಕಚ್ಚಿಕೊಂಡ. ಒಳಗಿನಿಂದ ಘರ್ಜನೆ. ಅಷ್ಟರಲ್ಲಿ ನಾಯಿಗಳು ಬಂದು ಇವನನ್ನು ಹರಿದುಹಾಕುತ್ತಿದ್ದವು. ಅವುಗಳನ್ನು ಕೂಡಿಹಾಕುವುದು ಅವಳಿಗೆ ತಿಳಿಯದು. ಇವನು ಮತ್ತೆ ಹುಟ್ಟಿ ಮತ್ತೆ ಹೋಗುತ್ತಿದ್ದ. ಮಾತಾಡಲಿಕ್ಕೆಂದು ಇಷ್ಟು ಸಲ ಸತ್ತವನನ್ನು ನಾನು ಕಂಡಿಲ್ಲ.

ಕೊನೆಗೊಂದು ದಿನ ಅವಳೇ ಬಾಗಿಲು ದಾಟಿ ಹೊರಗೆ ಬಂದಳು. ರೆಕ್ಕೆ ಮಡಿಸಿ, ಕೊಡಲಿ ನೆಲಕ್ಕಿಟ್ಟು, ಅವನ ಮುಂದೆ ಕೂತಳು.

ದುರುಗೇಶನ ಬೆರಳು ಮೊಬೈಲಿನ ಮೇಲೆ ನಿಂತಿತು. "ಹೊಡೆದ್ರೆ ನಾನು ಒಳಗೆ ಅಕ್ಕ."

ನನಗೆ ರೇಗಿತು. "ಬೇರೆ ಯಾವನಾದ್ರೂ ಬಂದು ಹೊಡೀಲಿ ಬಿಡೋ! ಈಗ ತಾನೇ ನಾಲ್ಕು ಜನರ ಹತ್ರ ಬಾಯಿಬಿಟ್ಟು ಮಾತಾಡ್ತಿದೀಯ. ಮತ್ಯಾಕೆ ಹೋಗ್ತೀಯ?"

"ಬೇರೆಯೋರು ಬರೋ ತನಕ ಅವಳು ಹಿಂಗೇ ಕುಂತಿರ್ಬೇಕಲ್ಲಕ್ಕ" ಅಂದ. ಆಮೇಲೆ ಮೆಲ್ಲಗೆ, ಮಜ್ಜಿಗೆ ಸಾಕು ಅನ್ನುವವನ ಹಾಗೆ ಅಂದ: "ನಂಗೆ ಒಬ್ನೇ ಇದ್ದು ಅಭ್ಯಾಸ ಐತೆ."

ನಾನು ಗಿರಾಕಿ ಬಂದರೆಂಬಂತೆ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಯಾರೂ ಬಂದಿರಲಿಲ್ಲ.

ಅವನು ಮೈಕಿನಲ್ಲಿ ಹೇಳುತ್ತಿದ್ದದ್ದು ಅಲ್ಲಿಗೂ ಕೇಳಿಸಿತು. "ನೀನು ಇಳಿ ಕಣಮ್ಮ. ನಾನು ಒಳಗೆ ಹೋಗ್ತೀನಿ. ಅಲ್ಲಿಂದ ನಂಗೆಲ್ಲ ಕೇಳಿಸ್ತೈತೆ, ನಿಂಗೊತ್ತಲ್ಲ ಈಗ. ಟೈಮ್ ಸಿಕ್ಕಾಗ ಬಂದು ಮಾತಾಡ್ತಿರು, ಸಾಕು." ಹೊಡೆದ.

ಈಗಲೂ ಮಧ್ಯಾಹ್ನ ಅವನು ಬೆಂಚಿನ ಮೇಲೆ ಕೂರುತ್ತಾನೆ. ಆ ಲೋಕದಲ್ಲಿ ಅವನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ. ಕಾವ್ಯ ಬರುವ ಹೊತ್ತಿಗೆ ನಾಯಿಗಳನ್ನೆಲ್ಲ ಕೋಟೆಯ ಹಿಂದಿನ ಅಂಗಳಕ್ಕೆ ಅಟ್ಟಿ ಬಾಗಿಲು ತೆರೆದಿಡುತ್ತಾನೆ. ನಿನ್ನೆ ಇಯರ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗೆ ಇಟ್ಟ. ಹೊಲಿಗೆ ಮಿಷನ್ನಿನ ಸದ್ದಿನ ನಡುವೆ ಕಾವ್ಯ ಯಾವಳೋ ಗಿರಾಕಿ ಮೂರು ಸಲ ಬ್ಲೌಸಿನ ತೋಳು ಬಿಚ್ಚಿಸಿದ ಕತೆ ಹೇಳುತ್ತಿದ್ದಳು. ನಡುವೆ ನಿಲ್ಲಿಸಿ ಕೇಳಿದಳು: "ಕೇಳ್ತಿದೀಯಾ ಅಣ್ಣ?"

"ಕೇಳ್ತಿದೀನಿ ಕಣಮ್ಮ" ಅಂದ ದುರುಗೇಶ.

ಹೊಳಲ್ಕೆರೆಯ ಆ ಕೋಣೆಯಲ್ಲಿ ಗೋಡೆ ನಡುಗುವಂಥ ಘರ್ಜನೆ ಕೇಳಿಸಿರಬೇಕು. ಮಿಷನ್ ಒಂದು ಗಳಿಗೆ ನಿಂತಿತು.

"ಹೂಂ. ಮುಂದೆ ಏನಾಯ್ತು ಗೊತ್ತಾ..." ಎಂದು ಅವಳು ಕತೆ ಮುಂದುವರಿಸಿದಳು.