ಚೆಂಡು ಬುಟ್ಟಿಗೆ ಬೀಳುವವರೆಗೆ

ಅಯೋವಾ ಸೀಮೆಯ ಮಿಲ್‌ಬರ್ಗ್‌ನಲ್ಲಿ ಇಪ್ಪತ್ತೈದು ದಾಟಿದ ಯಾರನ್ನೇ ಹಿಡಿದು ಕೇಳಿ, ಅವರು ಆರ್ಡಿಸ್ ಹಾಗೆನ್‌ಳ ಕೈಯಡುಗೆ ಉಂಡವರು, ಅವಳ ಬಾಯಿಗೆ ಬೆದರಿದವರು. ಮೂವತ್ತೊಂದು ವರ್ಷ ಅವಳು ಊರಿನ ಶಾಲೆಯ ಊಟದ ಕೋಣೆಯಲ್ಲಿ ಸೌಟು ಹಿಡಿದಿದ್ದಳು. ಬುಧವಾರ ಬಂತೆಂದರೆ ಕಾಳು ಮಾಂಸದ ಖಾರ ಚಿಲಿ, ಅದರ ಪಕ್ಕದಲ್ಲೇ ದಾಲ್ಚಿನ್ನಿಯ ಸಿಹಿ ರೋಲು. ಎರಡನ್ನೂ ಅದ್ದಿಕೊಂಡು ತಿನ್ನುವುದನ್ನು ಕಂಡು ಪರವೂರಿನವರು ಮೂಗು ಮುರಿಯುತ್ತಾರೆ, ಮುರಿಯಲಿ. ಆ ದಿನ ಮಕ್ಕಳ ಗಲಾಟೆ ಮಿತಿ ಮೀರುತ್ತಿತ್ತು. ಆಗ ಆರ್ಡಿಸ್ ಸೌಟಿನ ಸಮೇತ ಬಾಗಿಲಿಗೆ ಬಂದು ಒಂದೇ ಮಾತು ಹೇಳುತ್ತಿದ್ದಳು: "ಕೂತ್ಕೊಳ್ಳಿ!" ಮುನ್ನೂರು ಮಕ್ಕಳು ತುಟಿಪಿಟಿಕ್ಕೆನ್ನದೆ ಕೂರುತ್ತಿದ್ದರು.

ಅವಳಿಗೆ ಈಗ ಅರವತ್ತೊಂಬತ್ತು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಮಂಡಿ ಎರಡೂ ಕೈಕೊಟ್ಟಿವೆ, ಗಂಟಲು ಮಾತ್ರ ಹಾಗೇ ಇದೆ. ಅವಳ ಜೀವ ಇರುವುದು ಮನೆಯಲ್ಲಲ್ಲ, ಮಿಲ್‌ಬರ್ಗ್ ಕಾಲೇಜಿನ ಆಟದ ಮನೆಯಲ್ಲಿ. ಮೂರನೆಯ ಸಾಲು, ಆಟದಂಗಳದ ಗೆರೆಗೆ ಎದುರಿನ ಕುರ್ಚಿ, ಮೂವತ್ತಾರು ವರ್ಷದಿಂದ ಅವಳದೇ. ಹುಡುಗಿಯರ ಬಾಸ್ಕೆಟ್‌ಬಾಲ್ ಇದ್ದ ದಿನ ಅವಳು ಆ ಕುರ್ಚಿಯಲ್ಲಿ ಇಲ್ಲವೆಂದರೆ ಜನ ಆಸ್ಪತ್ರೆಗೆ ಫೋನು ಮಾಡುತ್ತಾರೆ.

ಅವಳೂ ಆಡಿದವಳೇ. ಆದರೆ ಅವಳ ಕಾಲದ ಆಟವೇ ಬೇರೆ. ಅಯೋವಾದ ಹುಡುಗಿಯರು ಆಗ ಒಂದು ಕಡೆಗೆ ಆರು ಜನ ಆಡುತ್ತಿದ್ದರು. ಮೂವರು ಬುಟ್ಟಿಗೆ ಹಾಕುವವರು, ಮೂವರು ಕಾಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಆರ್ಡಿಸ್ ಕಾಯುವವಳು. ನಾಲ್ಕು ವರ್ಷ ಎದುರಾಳಿಯ ಚೆಂಡು ಕಿತ್ತು, ಗೆರೆಯವರೆಗೆ ತಂದು, ಆಚೆ ಕಡೆಯವಳಿಗೆ ಕೊಟ್ಟು, ಗೆರೆಯ ಮೇಲೆ ಬೆರಳೂರಿ ನಿಂತು ನೋಡಿದ್ದೇ ಆಯಿತು. ಜನರ ಕೇಕೆಯೆಲ್ಲ ಏಳುತ್ತಿದ್ದುದು ಆಚೆ ಕಡೆಯ ಬುಟ್ಟಿಗೆ. ಜೀವಮಾನದಲ್ಲಿ ಒಂದೇ ಒಂದು ಬುಟ್ಟಿ ಹಾಕಿದವಳಲ್ಲ. ಮರುದಿನದ ಪತ್ರಿಕೆಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ, ಅದರ ಮುಂದೆ ಫೌಲಿನ ಲೆಕ್ಕ, ಎಷ್ಟು ತಪ್ಪು ಮಾಡಿದಳೆಂದು. ಅವಳಪ್ಪ ಅದನ್ನು ಗಟ್ಟಿಯಾಗಿ ಓದಿ, "ನಮ್ಮ ಹುಡುಗಿ ತಪ್ಪು ಮಾಡೋದ್ರಲ್ಲಿ ಫಸ್ಟು" ಎಂದು ನಗುತ್ತಿದ್ದ. ಆ ನಗು ಅವಳಿಗೆ ಇವತ್ತಿಗೂ ಚುಚ್ಚುತ್ತದೆ.

ಇಂಥ ಊರಿಗೆ ಟೆಸ್ಸಾ ವೀಲಂಡ್ ಬರುತ್ತಾಳೆಂದು ಗೊತ್ತಾಯಿತು. ನಾನೂರು ಜನರ ಹಳ್ಳಿಯ ಹುಡುಗಿ, ಆರಡಿ ಎರಡಂಗುಲ ಎತ್ತರ, ಹೈಸ್ಕೂಲಿನಲ್ಲಿ ಅವಳು ಹಾಕಿದಷ್ಟು ಬುಟ್ಟಿ ಆ ಸೀಮೆಯಲ್ಲಿ ಯಾರೂ ಹಾಕಿರಲಿಲ್ಲ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಕರೆದರೂ ಬಿಟ್ಟು, ಅಜ್ಜಿ ಓದಿದ ಕಾಲೇಜೆಂದು ಇಲ್ಲಿಗೇ ಬರುವೆನೆಂದಳು. ಅಷ್ಟೇ ಸಾಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಮಿಲ್‌ಬರ್ಗ್ ಕುಲಾವಿಯಷ್ಟೇ ಅಲ್ಲ, ಕೂಸಿನ ಮದುವೆಯ ಅಂಗಿಯನ್ನೂ ಹೊಲಿಸಿತು. ಬೇಕರಿಯವನು ರೋಲಿನ ಮೇಲೆ ಸಕ್ಕರೆಯಲ್ಲಿ ಅವಳ ಆಟದಂಗಿಯ ನಂಬರು ಮೂವತ್ತೆರಡನ್ನು ಬರೆದ. ಒಬ್ಬ ರೈತ ಬೆಳೆದು ನಿಂತ ಮೆಕ್ಕೆಜೋಳದ ಹೊಲದಲ್ಲಿ, ವಿಮಾನದಿಂದ ನೋಡಿದರೂ ಕಾಣುವಂತೆ, ಮೂವತ್ತೆರಡು ಎಂದು ಕೊಯ್ದ. ಹುಡುಗಿ ಇನ್ನೂ ಹಾಸ್ಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿರಲಿಲ್ಲ.

ಇವರೆಲ್ಲರನ್ನೂ ಮೀರಿಸಿದವಳು ಆರ್ಡಿಸ್. ಆ ಕಾಲೇಜಿನಲ್ಲಿ ಒಂದು ಪದ್ಧತಿಯಿದೆ. ಆಟ ಶುರುವಾದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ನಮ್ಮವರ ಮೊದಲ ಬುಟ್ಟಿ ಬಿದ್ದ ಮೇಲೆಯೇ ಕೂರುತ್ತಾರೆ. ಯಾರು ಹಾಕಿದರೂ ಸರಿ. ನವೆಂಬರಿನ ಮೊದಲ ಆಟಕ್ಕೆ ಎರಡು ದಿನ ಮುಂಚೆ ಊರಿನ ರೇಡಿಯೋದ ಡ್ವೇನ್, ಜೋಳದ ಧಾರಣೆ ಓದಿ ಮುಗಿಸಿ, ಆರ್ಡಿಸ್‌ಗೆ ಫೋನು ಹಚ್ಚಿದ.

"ಮಿಸೆಸ್ ಹಾಗೆನ್, ನಿಮ್ಮ ಮಂಡಿ ಹೇಗಿದೆ? ಮೊದಲ ಬುಟ್ಟಿವರೆಗೂ ನಿಲ್ತೀರಾ?"

"ಮೊದಲ ಬುಟ್ಟಿ ಯಾರಿಗೆ ಬೇಕೋ ಮಾರಾಯ? ನಾನು ನಿಲ್ಲೋದು ಟೆಸ್ಸಾ ಬುಟ್ಟಿವರೆಗೂ. ಆ ಮಗು ಚೆಂಡು ಒಳಗೆ ಹಾಕೋವರೆಗೂ ಈ ಅಂಡು ಕುರ್ಚಿ ಮುಟ್ಟಲ್ಲ!"

ಡ್ವೇನ್ ನಕ್ಕ, ಊರೂ ನಕ್ಕಿತು. ನಕ್ಕ ಊರು ಆ ಮಾತನ್ನು ಹರಕೆಯ ಹಾಗೆ ಎತ್ತಿಕೊಂಡಿತು. ಆರ್ಡಿಸ್‌ಗೆ ಹೆಮ್ಮೆಯೋ ಹೆಮ್ಮೆ. ತನಗಾಗಿ ಯಾರೂ ಒಂದು ದಿನ ಎದ್ದು ನಿಲ್ಲಲಿಲ್ಲ, ಈ ಹುಡುಗಿಗೆ ಊರೇ ನಿಲ್ಲಲಿ ಎಂಬ ಆಸೆ. ಅದರಲ್ಲಿ ಕೆಟ್ಟದ್ದೇನಿದೆ ಎಂದು ಯಾರಾದರೂ ಕೇಳಿದ್ದರೆ ನಾನೂ ಏನಿಲ್ಲ ಎಂದೇ ಹೇಳುತ್ತಿದ್ದೆ.

ಆಟದ ದಿನ ನಾಲ್ಕು ಸಾವಿರ ಕುರ್ಚಿಯೂ ಭರ್ತಿ. ಎರಡನೆಯ ನಿಮಿಷಕ್ಕೇ ನಮ್ಮವರ ಇನ್ನೊಬ್ಬ ಹುಡುಗಿ ಮೊದಲ ಬುಟ್ಟಿ ಹಾಕಿದಳು. ಬೇರೆ ದಿನವಾಗಿದ್ದರೆ ಎಲ್ಲರೂ ಕೂರಬೇಕಿತ್ತು. ಅವತ್ತು ಒಬ್ಬರೂ ಕೂರಲಿಲ್ಲ. ಆರ್ಡಿಸ್ ಹಿಂದೆ ತಿರುಗಿ ನೋಡಿದಳು. ಗೋಡೆ ಎಬ್ಬಿಸಿದ ಹಾಗೆ ಜನ ನಿಂತಿದ್ದರು. ಅವಳ ಮೈ ಜುಮ್ಮೆಂದಿತು.

ಟೆಸ್ಸಾ ಎಸೆದ ಮೊದಲ ಚೆಂಡು ಬುಟ್ಟಿಯ ಬಳೆಗೆ ಬಡಿದು ಹೊರಗೆ ಬಿತ್ತು. ಎರಡನೆಯದು ಬಳೆಯನ್ನೂ ಮುಟ್ಟಲಿಲ್ಲ. ಅವಳ ಕೈಗೆ ಚೆಂಡು ಬಂದಾಗಲೆಲ್ಲ ನಾಲ್ಕು ಸಾವಿರ ಜನ ಉಸಿರು ಬಿಗಿಹಿಡಿಯುವರು, ತಪ್ಪಿದಾಗಲೆಲ್ಲ ನಾಲ್ಕು ಸಾವಿರ ಬಾಯಿಂದ ಒಂದೇ "ಅಯ್ಯೋ". ಐದಾಯಿತು, ಏಳಾಯಿತು. ಅರ್ಧ ಆಟ ಮುಗಿಯುವಾಗ ಒಂಬತ್ತು ಎಸೆತ, ಒಂಬತ್ತೂ ಹೊರಗೆ. ಹೈಸ್ಕೂಲಿನಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದ ಹುಡುಗಿ! ಜನ ಇನ್ನೂ ನಿಂತೇ ಇದ್ದರು. ಎದುರಾಳಿ ತಂಡದ ಕುಳ್ಳಿಯೊಬ್ಬಳು ಟೆಸ್ಸಾಳ ಪಕ್ಕದಲ್ಲಿ ಹಾದುಹೋಗುತ್ತ, ಮೂರನೆಯ ಸಾಲಿಗೂ ಕೇಳುವಂತೆ ಅಂದಳು:

"ಏನೇ, ನಿಮ್ಮೂರಲ್ಲಿ ಕುರ್ಚಿ ಮಾಡೋರು ಯಾರೂ ಇಲ್ವಾ?"

 ಟೆಸ್ಸಾ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. 

ಅದನ್ನು ಕಂಡ ಆರ್ಡಿಸ್ ಕಣ್ಣೆತ್ತಿ ಅವಳ ಮುಖ ನೋಡಿದಳು. ಇಷ್ಟು ಹೊತ್ತೂ ಅವಳು ಚೆಂಡು ನೋಡಿದ್ದಳು, ಬುಟ್ಟಿ ನೋಡಿದ್ದಳು, ಹುಡುಗಿಯ ಮುಖ ನೋಡಿರಲಿಲ್ಲ. ಹದಿನೆಂಟರ ಆ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ನಾವು ನಿಂತಿರುವುದು ಇವಳಿಗೋಸ್ಕರವಲ್ಲ, ಇವಳ ಮೇಲೆ ಎಂದು ಅವಳಿಗೆ ಹೊಳೆಯಿತು. ನಿಲ್ಲಿಸಿದವಳು ನಾನು!  ಮೂರನೆಯ ಭಾಗ ಶುರುವಾಗುತ್ತಿದ್ದಂತೆ ಆರ್ಡಿಸ್ ಹಾಗೆನ್ ಕೂತಳು.

ಪಕ್ಕದ ಲವಾನ್, ಮೂವತ್ತು ವರ್ಷದಿಂದ ಗೆಳತಿ, ದೆವ್ವ ಕಂಡವಳಂತೆ ನೋಡಿದಳು. "ಏನೇ ಇದು? ನಿನ್ನ ಹರಕೆಗೆ ನಾವು ನಿಂತಿದ್ರೆ ನೀನೇ ಕೂರ್ತೀಯಾ?"

"ಆ ಹುಡುಗಿ ಮುಖ ನೋಡೇ ಲವಾನ್."

"ಮುಖಕ್ಕೇನಾಗಿದೆ? ಏಳೇ, ಅಪಶಕುನದವಳೇ!"

ಹಿಂದಿನಿಂದ ಯಾರೋ, "ಮಿಸೆಸ್ ಹಾಗೆನ್, ನೀವೇ ಕೈಬಿಟ್ರೆ ಹೇಗೆ?" ಎಂದು ಕೂಗಿದರು. ಆರ್ಡಿಸ್ ಮಿಸುಕಲಿಲ್ಲ. ಅಷ್ಟರಲ್ಲಿ ಚೆಂಡು ಗೆರೆ ದಾಟಿ ಅವರ ಎದುರಿಗೇ ಹೊರಬಿತ್ತು. ಅದನ್ನು ಒಳಗೆ ಎಸೆಯಲು ಬಂದವಳು ಟೆಸ್ಸಾ. ತೀರ್ಪುಗಾರ ಚೆಂಡು ಕೊಡುವವರೆಗೆ ಕಾಯಬೇಕು. ನಿಂತ ಜನರ ಸಾಲಿನ ನಡುವೆ, ಉದುರಿದ ಹಲ್ಲಿನ ಜಾಗದಂತೆ, ಒಂದು ತೆರಪು ಕಂಡಿತು. ಅಲ್ಲಿ ಕೂತಿದ್ದ ಮುದುಕಿಯನ್ನು ಅವಳು ನೋಡಿದಳು. ಸಣ್ಣ ದನಿಯಲ್ಲಿ, ಆರ್ಡಿಸ್‌ಗೆ ಮಾತ್ರ ಕೇಳುವಷ್ಟು, ಹೇಳಿದಳು:

"ಅಜ್ಜೀ, ಅವ್ರಿಗೂ ಕೂತ್ಕೊಳ್ಳೋಕೆ ಹೇಳ್ತೀರಾ? ಪ್ಲೀಸ್."

ಹೇಳಿದವಳೇ ಚೆಂಡು ಒಳಗೆಸೆದು ಓಡಿಹೋದಳು.  ಊರಿಗೆ ಊರೇ ಎರಡು ತಿಂಗಳಿಂದ ಆ ಹುಡುಗಿಗೆ ಏನೇನು ಬೇಕೆಂದು ತಾನೇ ತೀರ್ಮಾನಿಸಿತ್ತು. ಅವಳಾಗಿ ಬಾಯಿ ಬಿಟ್ಟು ಕೇಳಿದ್ದು ಇದೊಂದೇ.

ಆರ್ಡಿಸ್ ಎದ್ದಳು. "ಅದು ಮಾತು!" ಎಂದು ಲವಾನ್ ಖುಷಿಪಟ್ಟಳು. ಆದರೆ ಆರ್ಡಿಸ್, ಮೂವತ್ತಾರು ವರ್ಷದಲ್ಲಿ ಮೊದಲ ಸಲ, ಆಟಕ್ಕೆ ಬೆನ್ನು ಹಾಕಿ ಜನರ ಕಡೆ ತಿರುಗಿದಳು. ಹಲ್ಲಿನ ಡಾಕ್ಟರು, ಬ್ಯಾಂಕಿನವನು, ಪೊಲೀಸಿನವನು, ರೇಡಿಯೋದ ಡ್ವೇನ್, ಎಲ್ಲ ಶಾಲೆಯಲ್ಲಿ ಅವಳ ಮುಂದೆ ತಟ್ಟೆ ಹಿಡಿದವರೇ. ಎದೆ ತುಂಬ ಉಸಿರೆಳೆದು ಬಿಟ್ಟಳು:

"ಕೂತ್ಕೊಳ್ಳಿ!"

ಕೂತರು. ಯಾಕೆಂದು ಅವರಿಗೇ ಗೊತ್ತಾಗಲಿಲ್ಲ. ಐವತ್ತರ ಗಂಡಸರು ಕೈಯಲ್ಲಿದ್ದ ಜೋಳದರಳು ಚೆಲ್ಲಿಕೊಂಡು ದಡಕ್ಕನೆ ಕೂತರು. ಅವರನ್ನು ನೋಡಿ ಅವರ ಹಿಂದಿನವರು, ಏನಾಯಿತೋ ಎಂದು ಎದುರು ಕಡೆಯವರು. ಮಡಿಸುವ ಕುರ್ಚಿಗಳು ಸಾಲುಸಾಲಾಗಿ ಕಟಕಟನೆ ಬಿಚ್ಚಿಕೊಂಡ ಸದ್ದಿಗೆ ಆಟಗಾರ್ತಿಯರು ಬೆಚ್ಚಿ ನಿಂತರು, ತೀರ್ಪುಗಾರ ಸೀಟಿ ಬಾಯಲ್ಲಿಟ್ಟು ಊದುವುದನ್ನೇ ಮರೆತ. ಕೂತ ಮೇಲೆ ಊರು ದಿಗ್ಭ್ರಮೆಯಿಂದ ತನ್ನ ಮೊಣಕಾಲನ್ನೇ ನೋಡಿಕೊಂಡಿತು.

ಟೆಸ್ಸಾ ಆಮೇಲೂ ಬುಟ್ಟಿ ಹಾಕಲಿಲ್ಲ. ಎರಡೆಸೆದು ಎರಡೂ ತಪ್ಪಿ, ಬಳಿಕ ಚೆಂಡು ಸಿಕ್ಕಾಗಲೆಲ್ಲ ಬೇರೆಯವರಿಗೇ ಕೊಟ್ಟಳು. ನಮ್ಮವರೇ ಗೆದ್ದರು. ಆದರೆ ಜನ ಹೊರಗೆ ಹೋದದ್ದು ಮಣ್ಣು ಮಾಡಿ ಬಂದವರ ಹಾಗೆ. ಮರುದಿನದ ಪತ್ರಿಕೆಯಲ್ಲಿ ಟೆಸ್ಸಾ ವೀಲಂಡ್ ಎಂಬ ಹೆಸರಿನ ಮುಂದೆ ಸೊನ್ನೆ, ಅದರ ಮುಂದೆ ಫೌಲಿನ ಲೆಕ್ಕದಲ್ಲಿ ಮೂರು ತಪ್ಪು. ಆರ್ಡಿಸ್ ಆ ಸಾಲನ್ನು ಎಷ್ಟು ಹೊತ್ತು ನೋಡಿದಳೆಂದರೆ ಕಾಫಿ ತಣ್ಣಗಾಗಿ ಹೋಯಿತು.

ಎರಡನೆಯ ಆಟಕ್ಕೆ ಟೆಸ್ಸಾ ಬರಲೇ ಇಲ್ಲ. ಹುಷಾರಿಲ್ಲ ಎಂದರು. ಅವಳಪ್ಪನ ಗಾಡಿ ಹಾಸ್ಟೆಲಿನ ಮುಂದೆ ನಿಂತಿತ್ತು, ಪೆಟ್ಟಿಗೆ ಹೇರುತ್ತಿದ್ದರು, ಬೇರೆ ಕಾಲೇಜಿಗೆ ಹೋಗುತ್ತಾಳಂತೆ ಎಂದು ಸುದ್ದಿ. ಬೇಕರಿಯವನು ರೋಲಿನ ಮೇಲಿನ ನಂಬರು ನಿಲ್ಲಿಸಿದ. "ಆ ಮುದುಕಿ ಕೂತಿದ್ದಕ್ಕೇ ಹುಡುಗಿ ಕುಸಿದಿದ್ದು" ಎಂದರು ಕೆಲವರು, "ನಿಂತಿದ್ದಕ್ಕೆ" ಎಂದರು ಕೆಲವರು. ಹೇಗೆ ನೋಡಿದರೂ ತಪ್ಪು ಆರ್ಡಿಸ್‌ಳದೇ. ಅವಳು ಒಂದು ಡಬ್ಬಿ ರೋಲು ಬೇಯಿಸಿ, ಹಾಸ್ಟೆಲಿಗೆ ಒಯ್ಯಲೆಂದು ಕೋಟು ಹಾಕಿಕೊಂಡಳು. ಬಾಗಿಲಲ್ಲೇ ನಿಂತು ಯೋಚಿಸಿ, ಇದೂ ಆ ಹುಡುಗಿಯ ತಲೆಯ ಮೇಲೆ ಇನ್ನೊಂದು ಹೊರೆಯೇ ಎನ್ನಿಸಿ, ಕೋಟು ಬಿಚ್ಚಿದಳು. ರೋಲನ್ನು ಲವಾನ್‌ಗೆ ಕೊಟ್ಟಳು. ಲವಾನ್ ತಿಂದಳು, ಮಾತಾಡಲಿಲ್ಲ.

ಮೂರನೆಯ ಆಟದ ದಿನ ಟೆಸ್ಸಾ ಬಂದಿದ್ದಳು. ಆಡಲು ಇಳಿಸಿರಲಿಲ್ಲ, ಬೆಂಚಿನ ತುದಿಯಲ್ಲಿ ಟವೆಲು ಹೊದ್ದು ಕೂತಿದ್ದಳು. ಮೊದಲ ಬುಟ್ಟಿ ಬಿತ್ತು, ಜನ ಕೂತರು. ಎರಡನೆಯ ಭಾಗದಲ್ಲಿ ಕೋಚಮ್ಮ ಬೆರಳು ಆಡಿಸಿ ಕರೆದಳು. ಟೆಸ್ಸಾ ಟವೆಲು ತೆಗೆದು ಎದ್ದಳು. ಆಗ ನಾಲ್ಕು ಸಾವಿರ ತಲೆ ಒಟ್ಟಿಗೆ ತಿರುಗಿದವು. ಟೆಸ್ಸಾಳ ಕಡೆಗಲ್ಲ, ಮೂರನೆಯ ಸಾಲಿನ ಕಡೆಗೆ.

 ಆರ್ಡಿಸ್ ಎದ್ದರೆ ಎಲ್ಲರೂ ಏಳುತ್ತಾರೆ. ಕೂತೇ ಇದ್ದರೆ, ಕೂತಳು ಕೂತಳು ಎಂಬ ಪಿಸುಮಾತು ಆ ಹುಡುಗಿಯ ಕಿವಿಗೂ ಹೋಗುತ್ತದೆ. ಬ್ಯಾಗು ಎತ್ತಿಕೊಂಡಳು.

"ಈಗ ಎಲ್ಲಿಗೆ ಸತ್ಯಾನಾಶಿ?" ಎಂದಳು ಲವಾನ್. ಎಂಟು ದಿನದ ಮೇಲೆ ಆಡಿದ ಮೊದಲ ಮಾತು.

"ಉಚ್ಚೆಗೆ ಕಣೇ. ವಯಸ್ಸಾಯ್ತಲ್ಲ," ಎಂದು ಗಟ್ಟಿಯಾಗಿ, ಹತ್ತು ಸಾಲಿಗೆ ಕೇಳುವಂತೆ ಹೇಳಿದಳು. ಜನ ಕಿಸಕ್ಕೆಂದರು, ಮುಖ ತಿರುಗಿಸಿದರು. ಅವಳು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಹೆಂಗಸರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಳಗೆ ಯಾರೂ ಇರಲಿಲ್ಲ. ಎಲ್ಲರೂ ಟೆಸ್ಸಾಳನ್ನು ನೋಡುತ್ತಿದ್ದರು. ಆರ್ಡಿಸ್ ನಲ್ಲಿ ತಿರುಗಿಸಿ ಸುಮ್ಮನೆ ಕೈ ತೊಳೆದಳು, ಮತ್ತೆ ತೊಳೆದಳು. ಇದ್ದಕ್ಕಿದ್ದಂತೆ ಗೋಡೆಯೇ ಅದುರಿತು. ಕೇಕೆ. ಅವಳು ಬೆಚ್ಚಿಬಿದ್ದು ತೊಟ್ಟಿಯ ಅಂಚು ಹಿಡಿದುಕೊಂಡಳು. ಆ ಸದ್ದು ಯಾರಿಗೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ನಡುಗೆರೆಯ ಈಚೆ ನಿಂತು ಆಚೆಯ ಕೇಕೆ ಕೇಳಿದವಳು ಅವಳು, ಆ ಕಿವಿ ತಪ್ಪುವುದಿಲ್ಲ. ಕಣ್ಣಲ್ಲಿ ನೀರು ಬಂತು, ಒದ್ದೆ ಕೈಯಲ್ಲೇ ಒರೆಸಿಕೊಂಡಳು.

ಬಾಗಿಲು ಒದ್ದುಕೊಂಡು ಲವಾನ್ ಬಂದಳು. "ಬಿತ್ತು ಕಣೇ! ಎಡಗಡೆ ಮೂಲೆಯಿಂದ, ಬಳೆ ಮುಟ್ಟದೇ ಬಿತ್ತು! ಅವಳು ನಕ್ಕಿದ್ದು ನೋಡ್ಬೇಕಿತ್ತು ನೀನು. ಮೂವತ್ತಾರು ವರ್ಷ ಕೂತು, ಇದೊಂದನ್ನ ನೋಡ್ಲಿಲ್ವಲ್ಲೇ ಹುಚ್ಚಿ! ಅಷ್ಟು ದೊಡ್ಡ ಬಾಯಲ್ಲಿ ಬೇರೆ ಹೇಳಿದ್ದೆ, ಬುಟ್ಟಿ ಬೀಳೋವರೆಗೂ ಕೂರಲ್ಲ ಅಂತ."

ಆರ್ಡಿಸ್ ನಲ್ಲಿ ನಿಲ್ಲಿಸಿದಳು. ತನ್ನ ಕಾಲು ನೋಡಿಕೊಂಡಳು.

"ನಿಂತೇ ಇದ್ನಲ್ಲೇ," ಎಂದಳು.