ಪರೀಕ್ಷೆಯ ಬೆಳಿಗ್ಗೆ ಕಂಪ್ಯೂಟರ್ ಅಕ್ಕೋರು

ಕುಮಟೆಯ ಹತ್ತಿರದ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ, ಕಂಪ್ಯೂಟರ್ ಕಲಿಸುವ ಟೀಚರನ್ನು ಮಕ್ಕಳು ‘ಕಂಪ್ಯೂಟರ್ ಅಕ್ಕೋರು’ ಎನ್ನುತ್ತಿದ್ದರು. ಏನೇ ಕೆಟ್ಟರೂ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಒಂದೊಂದೇ ನೋಡ್ವ” ಎನ್ನುವರು.

ಹಳೆಯ ಕಂಪ್ಯೂಟರುಗಳಿಗೆ ಅವರು ವಿಂಡೋಸ್ ತೆಗೆದು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿದ ಮರುದಿನವೇ ಮಕ್ಕಳಿಗೆ ಆನ್‌ಲೈನ್ ವಿದ್ಯಾರ್ಥಿವೇತನ ಪರೀಕ್ಷೆ. ಬೆಳಿಗ್ಗೆ ನೋಡಿದರೆ ಯಾವುದರಲ್ಲೂ ಪರೀಕ್ಷೆಯ ಪುಟ ತೆರೆಯಲೊಲ್ಲದು. ಮಕ್ಕಳು ಆಗಲೇ ಬಾಗಿಲಲ್ಲಿ ನಿಂತಿದ್ದರು.

“ಎಂತ ಆತು ಅಕ್ಕೋರೆ? ಇವತ್ತು ತಪ್ಪಿದ್ರೆ ಮತ್ತೆ ಅವಕಾಶ ಇಲ್ಲ!” ಹೆಡ್ ಮಾಸ್ತರರು ಓಡಿಬಂದು ಕೇಳಿದರು.

“ಒಂದೊಂದೇ ನೋಡ್ವ ಸರ್.” ವೈರುಗಳನ್ನು ಒತ್ತಿ ನೋಡಿ, ಅವರು ಏನೋ ಟೈಪ್ ಮಾಡಿದರು. “ರೂಟರ್ ಉತ್ತರ ಕೊಡ್ತದೆ. ಹೊರಗಿನ ವೆಬ್‌ಸೈಟಿನ ನಂಬರು ಹಾಕಿದ್ರೂ ಉತ್ತರ ಬರ್ತದೆ. ಹೆಸ್ರು ಹಾಕಿದ್ರೆ ಮಾತ್ರ ಇಲ್ಲ.”

ವೆಬ್‌ಸೈಟಿನ ಹೆಸರಿಗೆ ನಂಬರು ಹುಡುಕಿಕೊಡುವ ಸರ್ವರಿನ ವಿಳಾಸವನ್ನು ಅವರೇ ಹಿಂದಿನ ದಿನದ ಗಡಿಬಿಡಿಯಲ್ಲಿ ಎಲ್ಲದರಲ್ಲೂ ತಪ್ಪಾಗಿ ಹಾಕಿದ್ದರು. “ನಂದೇ ತಪ್ಪು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಿದ್ದುತ್ತ ಹೋದರು. ಕೊನೆಯದರಲ್ಲಿ ಪುಟ ತೆರೆಯುವುದಕ್ಕೂ ಪರೀಕ್ಷೆಯ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ಮಕ್ಕಳು ಬರೆಯತೊಡಗಿದ ಮೇಲೂ ಅವರು ಕೂರಲಿಲ್ಲ. ಯಾರ ಕೈಯೂ ತಾಗದಂತೆ ರೂಟರಿನ ಸ್ವಿಚ್ಚಿಗೆ ಅಂಗೈ ಅಡ್ಡ ಹಿಡಿದು, ಪರೀಕ್ಷೆ ಮುಗಿಯುವವರೆಗೂ ಗೋಡೆಯ ಪಕ್ಕ ನಿಂತೇ ಇದ್ದರು.