ನಾಲ್ಕು ಕಿಲೋಮೀಟರ್ ತಂತಿ

ಮೊನ್ನೆ ನಮ್ಮ ಮನೆ ಮುಂದೆ ಫೈಬರ್ ಎಳೆಯಲು ಬಂದವರು ರಸ್ತೆಯಂಚು ಅಗೆಯುವಾಗ ಮಣ್ಣೊಳಗಿದ್ದ ಹಳೆಯ ಕಪ್ಪು ಕೇಬಲ್ ತುಂಡಾಗಿ ಮೇಲೆ ಬಂತು. ಒಳಗಿಂದ ಹಳದಿ ಅಂಟು ಒಸರಿ, ಸೀಮೆಎಣ್ಣೆಗೆ ಮೇಣ ಕಲಸಿದಂಥ ವಾಸನೆ ಬಾಗಿಲವರೆಗೂ ಬಂತು. ಪಕ್ಕದ ಮನೆಯ ಲೈನ್‌ಮನ್ ಅಣ್ಣನ ಅಂಗಿ ಸದಾ ಹೀಗೇ ನಾರುತ್ತಿತ್ತು...

ಎರಡು ಸಾವಿರದ ಆರೋ ಏಳೋ ಇರಬೇಕು. ನಾನಾಗ ಕೊಪ್ಪದಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಮನೆ ನರಸಿಂಹರಾಜಪುರದ ರಸ್ತೆಯಲ್ಲಿ, ಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಾಲ್ಕು ಕಿಲೋಮೀಟರ್ ದೂರ. ಆ ಕಡೆಯ ಮನೆಗಳಿಗೆಲ್ಲ ಫೋನ್ ಹಾಕಿಕೊಟ್ಟವರು ಅಣ್ಣನೇ. ಆದರೆ ಅವರ ಸ್ವಂತ ಮನೆಯಲ್ಲಿ ಫೋನು ಹೆಚ್ಚು ಕೆಲಸಕ್ಕೆ ಬರುತ್ತಿರಲಿಲ್ಲ. ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳದು. ಹೆಂಡತಿಗೆ, ನಾನು ಅತ್ತಿಗೆ ಎನ್ನುತ್ತಿದ್ದೆ, ಓದು ಬಾರದು. ತಾಯಿ ಮಗಳ ನಡುವೆ ಇದ್ದದ್ದು ಆ ಮನೆಯ ಮೂವರಿಗಷ್ಟೇ ತಿಳಿಯುವ ಕೈಸನ್ನೆ ಮಾತ್ರ. ಮಗಳು ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ ಅವಳ ಕಾಗದವನ್ನು ಅಣ್ಣ ಓದಿ ಹೇಳುತ್ತಿದ್ದರು. ಅತ್ತಿಗೆ ಕೇಳಿಸಿಕೊಂಡು, "ಅದು ನಿಮ್ಮ ದನಿ ಆಯ್ತಲ್ಲ, ಅವಳದ್ದಲ್ಲ" ಅನ್ನುತ್ತಿದ್ದರು.

ಆ ವರ್ಷ ಮಗಳಿಗೆ ಆಪರೇಷನ್ ಮಾಡಿ ಹೆರಿಗೆಯಾಯಿತು. ಮಗು ಎತ್ತಿಕೊಂಡು ತವರಿಗೆ ಮಳೆಗಾಲ ಕಳೆದ ಮೇಲೇ ಬರುವುದು ಎಂದು ತೀರ್ಮಾನವಾಗಿತ್ತು. ಅತ್ತಿಗೆಗೆ ಹೃದಯದ ತೊಂದರೆ, ಹುಬ್ಬಳ್ಳಿಯ ಮಾತು ಹಾಗಿರಲಿ, ಮಗಳನ್ನು ಕಂಪ್ಯೂಟರಿನಲ್ಲಿ ತೋರಿಸಲೆಂದು ಅಣ್ಣ ಕೊಪ್ಪದ ಬ್ರೌಸಿಂಗ್ ಅಂಗಡಿಗೆ ಕರೆದೊಯ್ದರೆ ಮಹಡಿ ಮೆಟ್ಟಿಲಿನ ಅರ್ಧದಲ್ಲೇ ಏದುಸಿರು ಬಿಡುತ್ತ ಕೂತುಬಿಟ್ಟರಂತೆ. ಮರುದಿನ ಅಣ್ಣ ನಮ್ಮಲ್ಲಿಗೆ ಬಂದರು.

"ಟೀಚರೇ, ನಿಮ್ಮಲ್ಲಿ ಕಂಪ್ಯೂಟರ್ ಉಂಟಲ್ಲ. ಬ್ರಾಡ್‌ಬ್ಯಾಂಡ್ ಹಾಕ್ಸಿಕೊಳ್ಳಿ. ಲೈನ್ ನಾನು ನೋಡಿಕೊಳ್ತೇನೆ."

ಹಾಕಿಸಿಕೊಂಡೆ. ಮೋಡೆಮ್ಮಿನ ಹಸಿರು ದೀಪ ಮಿಣುಕಿ ಮಿಣುಕಿ, ಕೊನೆಗೆ ಸ್ಥಿರವಾಗಿ ಉರಿದು ನಿಂತಿತು. ಏಪ್ರಿಲ್‌ನ ಒಂದು ಭಾನುವಾರ ಅತ್ತಿಗೆ ತಲೆ ಬಾಚಿ, ಮದುವೆಗೆ ಹೊರಟವರ ಹಾಗೆ ಸೀರೆ ಉಟ್ಟು ಬಂದು ಕೂತರು. ಪರದೆಯ ಮೇಲೆ, ಹುಬ್ಬಳ್ಳಿಯ ನೆರೆಮನೆಯ ಕಂಪ್ಯೂಟರಿನ ಮುಂದೆ ಕೂತ ಮಗಳು, ಮಡಿಲಲ್ಲಿ ಮಗು. ಇಬ್ಬರ ಕೈಗಳೂ ಒಟ್ಟಿಗೇ ಎದ್ದವು. ನಾಲ್ಕೈದು ನಿಮಿಷವಾಗಿರಬೇಕು, ಚಿತ್ರ ಚೌಕ ಚೌಕವಾಗಿ ಒಡೆಯಿತು. ಮಗಳ ಬೆರಳು ಹಣೆಯ ಹತ್ತಿರ ಅರ್ಧಕ್ಕೇ ನಿಂತಿತು. ದೀಪ ಆರಿತು. ಅತ್ತಿಗೆ ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ.

"ಫೋನಲ್ಲಿ ಗೊರಗೊರ ಅಂದ್ರೂ ಮಾತು ಅರ್ಥ ಆಗ್ತದೆ ಟೀಚರೇ," ಅಣ್ಣ ಹೇಳಿದರು. "ಇಂಟರ್ನೆಟ್ಟಿಗೆ ಹಾಗಲ್ಲ. ದೂರ ಹೋದ ಹಾಗೆ ಬಲ ಇಲ್ಲ. ಅದರ ಮೇಲೆ ಜಾಯಿಂಟಲ್ಲಿ ಒಂದು ಹನಿ ನೀರು ನಿಂತ್ರೂ ಮುಗೀತು."

ಎಕ್ಸ್‌ಚೇಂಜಿನಿಂದ ನಮ್ಮಲ್ಲಿವರೆಗೆ ಹನ್ನೊಂದು ಕಡೆ ಕೇಬಲ್ ಕಡಿದು ಕೂಡಿಸಿದ ಗಂಟುಗಳಿದ್ದವು. ರಸ್ತೆ ಅಗಲ ಮಾಡುವಾಗ ತುಂಡಾದದ್ದು, ನೀರಿನ ಪೈಪಿನವರು ಕಡಿದದ್ದು. ಅಣ್ಣ ಡ್ಯೂಟಿ ಮುಗಿಸಿ ದಿನಾ ಸಂಜೆ ಒಂದೊಂದು ಗುಂಡಿ ತೋಡಿ, ಗಂಟು ಬಿಚ್ಚಿ ಒರೆಸಿ, ಒಣಗಿಸಿ ಮತ್ತೆ ಕಟ್ಟಿದರು. ಹೊಸ ಕೇಬಲ್ ಬೇಕೆಂದು ಮೇಲಿನವರಿಗೆ ಮೂರು ಸಲ ಬರೆದರು. ಜನ ಮೊಬೈಲ್ ಕೊಂಡು ಮನೆಯ ಫೋನ್ ವಾಪಸು ಕೊಡುತ್ತಿದ್ದ ಕಾಲ ಅದು. ಇಷ್ಟು ಕಡಿಮೆ ಫೋನಿಗೆ ಕೇಬಲ್ ಎಳೆಯುವುದಿಲ್ಲ ಎಂದು ಉತ್ತರ ಬಂತು. ಅಷ್ಟರಲ್ಲಿ ಮಳೆಯೂ ಹಿಡಿಯಿತು. ಅಣ್ಣ ಒಣಗಿಸಿದ್ದೆಲ್ಲ ಮತ್ತೆ ನೆನೆಯಿತು.

ಜುಲೈ ಹೊತ್ತಿಗೆ ಅತ್ತಿಗೆಯ ಕಾಲು ಬಾತುಕೊಂಡಿತ್ತು. ಶಿವಮೊಗ್ಗದ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಎಳೆಗೂಸನ್ನು ಈ ಮಳೆಯಲ್ಲಿ ಕರೆಸುವುದು ಬೇಡ, ಮಗಳನ್ನು ಪರದೆಯಲ್ಲಿ ಒಮ್ಮೆ ತೋರಿಸಿ ಎಂದು ಅತ್ತಿಗೆ ಕೇಳಿದರು. ಭಾನುವಾರ ಮಧ್ಯಾಹ್ನ ಮೂರಕ್ಕೆ ಎಂದು ಹುಬ್ಬಳ್ಳಿಯ ನೆರೆಮನೆಗೆ ಫೋನ್ ಮಾಡಿ ತಿಳಿಸಿಯೂ ಆಯಿತು. ಅವತ್ತು ಅಣ್ಣ ಕಂಬದ ಪೆಟ್ಟಿಗೆ ತೆಗೆದು ಒಂದೊಂದೇ ಜೋಡಿ ತಂತಿ ಪರೀಕ್ಷಿಸಿದರು. ನೀರು ಕುಡಿಯದ ಜೋಡಿ ಉಳಿದಿದ್ದದ್ದು ಒಂದೇ. ಅದು ಪಕ್ಕದ ತಿರುವಿನ ಸಣ್ಣ ಆಸ್ಪತ್ರೆಯ ಫೋನಿನದು.

ನಾನು ಕೊಡೆ ಹಿಡಿದು ಕೆಳಗೆ ನಿಂತಿದ್ದೆ. "ಅಣ್ಣ, ಒಂದು ಗಂಟೆ ಮಟ್ಟಿಗೆ ಅದನ್ನ ನಮಗೆ ಹಾಕಿ. ಯಾರಿಗೂ ಗೊತ್ತಾಗೋದಿಲ್ಲ."

ಅವರು ಕೈಯಲ್ಲಿ ಹಿಡಿದಿದ್ದ ಆ ತಂತಿಯನ್ನು ಮತ್ತೆ ಅದರ ಜಾಗಕ್ಕೇ ಸಿಕ್ಕಿಸಿದರು. "ಆ ಒಂದು ಗಂಟೇಲಿ ಯಾರಿಗಾದ್ರೂ ಉಸಿರು ಕಟ್ಟಿದ್ರೆ ಎಂತ ಮಾಡೋದು ಮಾರಾಯ್ರೇ?" ಅಂದರು. ಪೆಟ್ಟಿಗೆ ಮುಚ್ಚಿದರು.

ಹಾಳು ಜೋಡಿಯಲ್ಲೇ ಪ್ರಯತ್ನ ಮಾಡಿದೆವು. ದೀಪ ನಿಲ್ಲಲಿಲ್ಲ. ಅತ್ತಿಗೆ ಐದು ಗಂಟೆಯವರೆಗೆ ಕಪ್ಪು ಪರದೆಯ ಮುಂದೆ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು. ಯಾರನ್ನೂ ಬೈಯಲಿಲ್ಲ. ಅಣ್ಣ ಒಳಗೇ ಬರಲಿಲ್ಲ, ನಮ್ಮ ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಒಂಬತ್ತನೇ ದಿನ ಅತ್ತಿಗೆ ತೀರಿಕೊಂಡರು. ಹುಬ್ಬಳ್ಳಿಯ ನೆರೆಮನೆಯವರು ಚೀಟಿಯಲ್ಲಿ ಬರೆದು ತೋರಿಸಿದ ಮೇಲೆ ಮಗಳು ಕೂಸು ಕಟ್ಟಿಕೊಂಡು ಹೊರಟಳು. ಅವಳು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಂಗಳ ಮೇಲೆ ನಾನು ಆ ಆಸ್ಪತ್ರೆಯ ನರ್ಸಮ್ಮನನ್ನು ಕೇಳಿದೆ. ಯಾಕೆ ಕೇಳಿದೆನೋ... ಆ ಭಾನುವಾರ ಮಧ್ಯಾಹ್ನವೆಲ್ಲ ಅವರೊಬ್ಬರೇ ಇದ್ದರಂತೆ. ಮಳೆಗೆ ಒಂದು ಜನ ಬರಲಿಲ್ಲ, ಫೋನು ಒಂದು ಸಲವೂ ರಿಂಗಾಗಲಿಲ್ಲ ಟೀಚರೇ, ನಾನು ಸ್ವೆಟರ್ ಹೆಣೆಯುತ್ತ ಕೂತಿದ್ದೆ ಅಂದರು. ಆ ಮಾತನ್ನು ಅಣ್ಣನಿಗೆ ಮುಟ್ಟಿಸಲು ನನಗೆ ಬಾಯಿ ಬರಲಿಲ್ಲ. ನಿವೃತ್ತಿಯಾದ ಮೇಲೆ ಅವರು ಮನೆ ಮಾರಿ ಹುಬ್ಬಳ್ಳಿಗೆ ಹೋದರು. ಹೊರಡುವಾಗ ಮಾತ್ರ ಒಮ್ಮೆ ಕೇಳಿದರು: "ನಾನು ಮಾಡಿದ್ದು ಸರಿಯಾ ಟೀಚರೇ?" "ಸರಿಯೇ ಅಣ್ಣ" ಅಂದೆ. ನನ್ನ ಮುಖ ನೋಡಿದರು. ನಂಬಿದ ಹಾಗೆ ಕಾಣಲಿಲ್ಲ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿಯನ್ನು ಮಗಳು ಮೊಬೈಲಿನಲ್ಲಿ ಬರೆದು ಕಳಿಸಿದಳು. ಆಮೇಲೆ ವಿಡಿಯೋ ಕರೆಯನ್ನೂ ಮಾಡಿದಳು. ಚಿತ್ರ ಒಂದಿಷ್ಟೂ ಅಲುಗದೆ ಬಂತು. ಅವಳು ಅಳುತ್ತ ಕೈಯಲ್ಲಿ ಏನೇನೋ ಹೇಳುತ್ತಲೇ ಇದ್ದಳು. ಅದನ್ನು ಓದಬಲ್ಲವರಿಬ್ಬರೂ ಹೋಗಿಯಾಗಿತ್ತು. ನನಗೆ ಒಂದು ಸನ್ನೆಯೂ ತಿಳಿಯಲಿಲ್ಲ.